ಇಲ್ಲದ ಕಾಲುವೆ ದಾಟಿದ ಬೌಲರ್

ಹೆಸರು ಮಾಡಿದ ಪ್ರತಿಯೊಬ್ಬನ ಹಿಂದೆಯೂ ಒಬ್ಬ ಗುರು ಇರುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಆ ಗುರು ನಾನೇ ಎಂದು ಹೇಳಿಕೊಂಡು ತಿರುಗುವವನು ಮಾತ್ರ ಪ್ರತಿ ಊರಿನಲ್ಲೂ ಒಬ್ಬ ಇದ್ದೇ ಇರುತ್ತಾನೆ. ಕೊಯಮತ್ತೂರಿನ ಪಕ್ಕದ ನಮ್ಮ ತುಡಿಯಲೂರಿನಲ್ಲಿ ಆ ಕೆಲಸವನ್ನು ಹತ್ತು ಹನ್ನೆರಡು ವರ್ಷಗಳಿಂದ ನಾನೇ ನೋಡಿಕೊಂಡು ಬಂದಿದ್ದೇನೆ. ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಎಲೆ ಹಾಕುವುದಕ್ಕೆ ಮುಂಚಿನ ಹೊತ್ತಿನಲ್ಲಿ, ಯಾರಾದರೂ ಕ್ರಿಕೆಟ್ಟಿನ ಮಾತೆತ್ತಿದರೆ ಸಾಕು, ನಾನು ಮೆಲ್ಲನೆ ಗಂಟಲು ಸರಿಮಾಡಿಕೊಳ್ಳುತ್ತೇನೆ.

ನಮ್ಮದೊಂದು ಕ್ಲಬ್ಬಿತ್ತು. ಹನ್ನೊಂದು ಜನರಿಗೆ ಎರಡು ಬ್ಯಾಟು, ಮೂರು ಪ್ಯಾಡು. ನಾಲ್ಕನೆಯ ಪ್ಯಾಡನ್ನು ಯಾರದೋ ಮನೆಯ ನಾಯಿ ಕಚ್ಚಿಕೊಂಡು ಹೋಗಿತ್ತಾದ್ದರಿಂದ ರನ್ನರ್ ಕಡೆಯವನು ಒಂದೇ ಕಾಲಿಗೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಮಗ್ಗದವರು, ಗಿರಣಿಯವರು, ಮೋಟಾರಿಗೆ ತಂತಿ ಸುತ್ತುವವರು, ಎಲ್ಲರೂ ಭಾನುವಾರಕ್ಕಾಗಿ ವಾರವಿಡೀ ಕಾಯುವವರು. ನಾನು ಪಂಪ್ ಕಾರ್ಖಾನೆಯಲ್ಲಿ ತಪಾಸಣೆಯವನು. ಬಿರುಕು ಬಿಟ್ಟ ಎರಕದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಮೂಲೆಗೆ ತಳ್ಳುವುದು ನನ್ನ ಕೆಲಸ. ಒಂದೇ ನೋಟಕ್ಕೆ ದೋಷ ಹಿಡಿಯುತ್ತಾನೆ ಎಂಬ ಹೆಸರು ಕಾರ್ಖಾನೆಯಲ್ಲಿ ನನಗಿತ್ತು. ಅದೇ ಹೆಸರಿನ ಮೇಲೆ ಕ್ಲಬ್ಬಿನವರು ನನ್ನನ್ನು ಕ್ಯಾಪ್ಟನ್ ಮಾಡಿದರು.

ಈ ಕ್ಲಬ್ಬಿನಿಂದ ಇಬ್ಬರು ಕ್ರಿಕೆಟ್ಟನ್ನೇ ಅನ್ನ ಮಾಡಿಕೊಂಡರು. ಮೊದಲನೆಯವನು ವಿಕೆಟ್ ಕೀಪರ್ ಶಿವಕುಮಾರ. ಅವನು ಒಂದು ಬ್ಯಾಂಕಿನ ತಂಡಕ್ಕೆ ಆಡಲು ಹೋಗಿ ಅಲ್ಲೇ ಕೆಲಸಕ್ಕೂ ಸೇರಿದ. ಅವನ ಏಳಿಗೆಗೆ ನನ್ನ ಕೊಡುಗೆ ನನ್ನ ಬಲಗೈಯ ಕಿರುಬೆರಳು. ಅದು ಮುರಿದ ದಿನ, ಅಲ್ಲಿಯವರೆಗೆ ಕೀಪರ್ ಆಗಿದ್ದ ನಾನು ಗ್ಲೌಸನ್ನು ಅವನ ಕೈಗೆ ಕೊಟ್ಟೆ. ಬೆರಳು ಕೂಡಿದ ಮೇಲೆ ವಾಪಸು ಕೇಳಿದರೆ ಇಡೀ ತಂಡ ಆಕಾಶ ನೋಡಿತು.

ಎರಡನೆಯವನು ರಂಗಸಾಮಿ. ಕಾರಮಡೈಯ ಬಾಳೆ ತೋಟದವರ ಮನೆಯ ಹುಡುಗ. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ವೇಗದ ಬೌಲರ್. ಅವನ ಓಟದಲ್ಲಿ ಒಂದು ವಿಚಿತ್ರವಿತ್ತು. ಆರು ಹೆಜ್ಜೆ ಸರಿಯಾಗಿ ಓಡಿ ಬಂದು ಏಳನೆಯದಕ್ಕೆ ದಿಢೀರನೆ ಒಂದು ಹಾರು ಹಾರಿ, ಮತ್ತೆ ಓಡಿ ಚೆಂಡೆಸೆಯುತ್ತಿದ್ದ. ಯಾಕೋ ಹೀಗೆ ಎಂದು ಕೇಳಿದರೆ, "ತೋಟದಾಗೆ ಅಲ್ಲೊಂದು ನೀರ್ ಕಾಲ್ವೆ ಐತೆ ಅಣ್ಣಾ" ಎಂದ. ಬಾಳೆ ಸಾಲುಗಳ ನಡುವೆ ಒಬ್ಬನೇ ಬೌಲ್ ಮಾಡಿ ಕಲಿತವನು. ದಾರಿಯಲ್ಲಿ ಅಡ್ಡ ಬರುತ್ತಿದ್ದ ಕಾಲುವೆಯನ್ನು ದಾಟಿ ದಾಟಿ, ಕಾಲುವೆಯೇ ಇಲ್ಲದ ನಮ್ಮ ಒಣ ಮೈದಾನದಲ್ಲೂ ದಾಟುತ್ತಿದ್ದ.

ಮುಂದೆ ಅವನು ಬೇರೆ ಊರಿನ ಕ್ಲಬ್ಬು ಸೇರಿದ, ರಾಜ್ಯದ ತಂಡಕ್ಕೆ ಆಡಿದ, ದುಡ್ಡಿನ ಲೀಗುಗಳಲ್ಲಿ ಆಡಿದ, ಟೀವಿಯಲ್ಲಿ ಬಂದ. ಆ ಹಾರಿನಿಂದಾಗಿ ಚೆಂಡು ಯಾವಾಗ ಕೈಬಿಡುತ್ತದೆ ಎಂದು ಬ್ಯಾಟ್ಸ್‌ಮನ್ನರಿಗೆ ಅಂದಾಜೇ ಸಿಗುವುದಿಲ್ಲ ಎಂದು ಟೀವಿಯವರು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ಅದನ್ನು ನಾನು ಟೀ ಅಂಗಡಿಯಲ್ಲಿ ನೋಡುತ್ತಿದ್ದೆ. ಪಕ್ಕದವನು "ಈ ಜಿಗಿತ ಯಾರ್ ಕಲ್ಸಿದ್ರೋ!" ಅಂದ. ಲೋಟ ಕೆಳಗಿಟ್ಟೆ. "ನಾನೇ" ಅಂದೆ. ಅಷ್ಟೇ ನಡೆದದ್ದು. ಒಂದೇ ಒಂದು ಪದ. ಉಳಿದದ್ದನ್ನೆಲ್ಲ ಊರೇ ಸೇರಿಸಿಕೊಂಡಿತು. ನಾನು ತಿದ್ದಲಿಲ್ಲ, ಅಷ್ಟೆ.

ಕ್ಲಬ್ಬಿನವರೆಲ್ಲ ಊರೂರಿಗೆ ಚದುರಿದ್ದರಿಂದ, ಊರಿನಲ್ಲಿ ನಿಜ ಗೊತ್ತಿದ್ದದ್ದು ನನ್ನ ಹೆಂಡತಿ ಸರಸಳಿಗೆ ಮಾತ್ರ. ಆ ಕಾಲದ ಭಾನುವಾರದ ಸಂಜೆಗಳಲ್ಲಿ ನಾನು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ "ಆ ಕಪ್ಪೆ ಇವತ್ತೂ ಪ್ರಾಕ್ಟೀಸಲ್ಲಿ ಹಾರ್ತು" ಎಂದು ಗೊಣಗುತ್ತಿದ್ದುದನ್ನು ಅವಳು ಮರೆತಿಲ್ಲ. ಹೆಂಗಸರ ನೆನಪಿನ ಶಕ್ತಿಯನ್ನು ಹೊಗಳುವವರು ಮದುವೆಯಾಗಿರುವುದಿಲ್ಲ.

ಇನ್ನೊಂದು ಸಾಕ್ಷಿಯೂ ಇತ್ತು. ನನ್ನ ತಾಯಿ ಕೊಳ್ಳೇಗಾಲದ ಕಡೆಯವಳು. ಅವಳ ಹಟದಿಂದ ನನಗೆ ಕನ್ನಡ ಅಕ್ಷರ ಬಂತು. ನಮ್ಮ ಕಡೆ ಕನ್ನಡ ಮಾತನಾಡುವವರು ಬೀದಿಗೆ ಹತ್ತು ಮನೆ ಇದ್ದರೂ ಓದಬಲ್ಲವರು ಅಪರೂಪ. ಆ ಧೈರ್ಯದ ಮೇಲೆ ನಾನು ಪ್ರತಿ ಪಂದ್ಯದ ನಂತರ ಕ್ಲಬ್ಬಿನ ಸ್ಕೋರು ಪುಸ್ತಕದ ಅಂಚಿನಲ್ಲಿ ಆಟಗಾರರ ಬಗ್ಗೆ ನನ್ನ ತೀರ್ಪುಗಳನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೆ. ರಂಗನ ಮೊದಲ ಪಂದ್ಯದ ಪುಟದಲ್ಲಿ ಹೀಗಿದೆ: 'ಓಡಿ ಬರುವಾಗ ಇಲ್ಲದ ಕಾಲುವೆ ದಾಟುತ್ತಾನೆ. ಈ ಜನ್ಮದಲ್ಲಿ ಬೌಲರ್ ಆಗುವುದಿಲ್ಲ. ಮುಂದಿನ ವಾರ ಕೈಬಿಡುವುದು.' ಕೆಳಗೆ ಕಾರ್ಖಾನೆಯ ಅಭ್ಯಾಸದಂತೆ ಒಂದು ಅಡ್ಡಗೆರೆ.

ಹೋದ ತಿಂಗಳು ಫೋನು ಬಂತು. ರಂಗ ಆಟ ನಿಲ್ಲಿಸಿ ಊರಿಗೆ ಬಂದಿದ್ದ. ತೋಟದ ಒಂದು ಭಾಗ ಸಮ ಮಾಡಿ ಕ್ರಿಕೆಟ್ ಶಾಲೆ ತೆರೆಯುತ್ತಿದ್ದಾನಂತೆ.

"ಅಣ್ಣಾ, ಅತ್ತಿಗೇನೂ ಕರ್ಕೊಂಡ್ ಕಂಡಿಪ್ಪಾ, ತಪ್ದೇ ಬರ್ಬೇಕು. ಆ ಸ್ಕೋರ್ ಬುಕ್ ಇನ್ನೂ ಮಡಗಿದ್ದೀರಾ? ತಂದ್ಬುಡಿ. ಗಾಜಿನ ಪೆಟ್ಟಿಗೇಲಿ ಇಡ್ಬೇಕು."

ಪುಸ್ತಕ ಇಲ್ಲ ಎನ್ನಬಹುದಿತ್ತು. ಆದರೆ ನಾನಾಗಲೇ "ಭದ್ರವಾಗಿದೆಯಪ್ಪ" ಎಂದುಬಿಟ್ಟಿದ್ದೆ. ಆ ಹಾಳೆಯನ್ನು ಹರಿದುಬಿಡೋಣವೆಂದು ಕೂತೆ. ತಿರುಗಿಸಿ ನೋಡಿದರೆ ಅದರ ಬೆನ್ನಿಗೆ ನನ್ನ ಐವತ್ತೊಂದು ರನ್ನು! ಜೀವಮಾನದಲ್ಲಿ ನಾನು ಹೊಡೆದ ಒಂದೇ ಒಂದು ಅರ್ಧಶತಕ. ಈ ಕಡೆ ಹರಿದರೆ ಆ ಕಡೆಯೂ ಹೋಗುತ್ತದೆ. ಪುಟವನ್ನು ಬೆಳಕಿಗೆ ಹಿಡಿದು ಹದಿನೈದು ನಿಮಿಷ ಕೂತಿದ್ದೆ.

"ಏನುಂಗ, ಅಷ್ಟ್ಯಾಕೆ ಯೋಚ್ನೆ?" ಎಂದಳು ಸರಸ. "ಅಲ್ಲಿ ಯಾರ್ಗೆ ಕನ್ನಡ ಓದಕ್ ಬರ್ತದೆ? ನಂಗೇ ಬರಲ್ಲ."

ಅದೂ ಸರಿಯೇ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸರಸಳೊಡನೆ ಬೆಳಗಿನ ಬಸ್ಸು ಹತ್ತಿದೆ.

ಕಾರಮಡೈಯಲ್ಲಿ ಶಾಮಿಯಾನ, ಮೈಕು, ಸಾಲು ಸಾಲು ಕುರ್ಚಿ. ಹಳೆಯ ಕ್ಲಬ್ಬಿನ ಏಳು ಜನ ಬಂದಿದ್ದರು. ಎಲ್ಲರಿಗೂ ಹೊಟ್ಟೆ ಬಂದಿತ್ತು. ಕೂದಲು ಹೋಗಿತ್ತು. ಶಿವಕುಮಾರ ನನ್ನ ಕಿರುಬೆರಳನ್ನು ಹಿಡಿದೇ ಕೈಕುಲುಕಿದ. ರಂಗ ಓಡಿ ಬಂದ. ಕಿವಿಯ ಪಕ್ಕ ನರೆ. ನಮಸ್ಕಾರ ಮಾಡಲು ಬಗ್ಗಿದವನನ್ನು ಹಿಡಿದೆತ್ತಿ ಪುಸ್ತಕ ಕೊಟ್ಟೆ. ಅಲ್ಲೇ ನಿಂತು ಪುಟ ತಿರುವತೊಡಗಿದ. ಸಂಖ್ಯೆಗಳನ್ನು ನೋಡಿ ನಗುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಗಮನಿಸಿದೆ, ಅವನ ತುಟಿ ಅಲ್ಲಾಡುತ್ತಿದೆ. ಸುಮ್ಮನೆ ನೋಡುವವನ ತುಟಿ ಅಲ್ಲಾಡುವುದಿಲ್ಲ.

"ಇ...ಲ್ಲ...ದ ಕಾ...ಲು...ವೆ" ಎಂದ ರಂಗ.

ಪುಸ್ತಕ ವಾಪಸು ಪಡೆಯಲು ಕೈಚಾಚಿದೆ. "ನಿನಗೆ ಓದಕ್ಕೆ ಬರುತ್ತಾ?"

"ಮೈಸೂರು ಕಡೆ ಎರಡ್ ವರ್ಷ ಕ್ಲಬ್ಬಿಗೆ ಆಡಿದ್ನಲ್ಲ ಅಣ್ಣಾ. ಮೊದಲ್ನೇ ವಾರ ಬೋರ್ಡ್ ತಿಳೀದೆ ಬೇರೆ ಬಸ್ ಹತ್ತಿ ಮ್ಯಾಚೇ ತಪ್ಪಿಸ್ಕೊಂಡೆ. ಅದ್ಕೇ ಅಕ್ಷರ ಕಲ್ತ್ಬುಟ್ಟೆ."

ಅಷ್ಟರಲ್ಲಿ ಮೈಕಿನಲ್ಲಿ ನಮ್ಮಿಬ್ಬರ ಹೆಸರು ಕೂಗಿದರು. ಅವನು ಪುಟದ ನಡುವೆ ಬೆರಳಿಟ್ಟುಕೊಂಡೇ ವೇದಿಕೆ ಹತ್ತಿದ. ಅವನ ಹಿಂದೆ ನಾನು. ನಿರೂಪಣೆ ಮಾಡುತ್ತಿದ್ದ ಯುವಕ ನನ್ನನ್ನು 'ಜಗತ್ತೇ ಬೆರಗಾದ ಆ ಜಿಗಿತವನ್ನು ಕಲಿಸಿದ ಗುರು' ಎಂದು ತಮಿಳಿನಲ್ಲಿ ಪರಿಚಯಿಸಿ, ಗುರುಗಳು ಅಂದು ಶಿಷ್ಯನ ಬಗ್ಗೆ ಏನು ಬರೆದಿದ್ದರು ಎಂದು ಓದಿ ಹೇಳುವಂತೆ ರಂಗನನ್ನು ಕೇಳಿದ. ಮುಂದಿನ ಸಾಲಿನಲ್ಲಿದ್ದ ಸರಸ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದು ಗಾಬರಿಗೋ ನಗುವಿಗೋ ನನಗೆ ಇವತ್ತಿಗೂ ಗೊತ್ತಿಲ್ಲ.

ರಂಗ ಪುಸ್ತಕ ಬಿಡಿಸಿದ. ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ತಮಿಳಿನಲ್ಲಿ, ಒಂದೊಂದೇ ಪದವಾಗಿ, "ಈ ಹುಡುಗ ಯಾರೂ ದಾಟದ ಕಾಲುವೆ ದಾಟುತ್ತಾನೆ. ಇವನ ಜಿಗಿತವನ್ನು ಯಾರೂ ಬದಲಿಸಬಾರದು. ಎಂದಿಗೂ ಕೈಬಿಡಬಾರದು" ಎಂದು ಓದಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವನು ಉಳಿಸಿದ್ದ. ನಾನು ಕೈಮುಗಿದು ಕೂತುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಚಪ್ಪಾಳೆ ಮೈಮೇಲೆ ಬಿದ್ದಾಗ ಬೇರೆಯವರ ಅಂಗಿ ತೊಟ್ಟು ನಿಂತ ಹಾಗಾಯಿತು. ಮೈಕು ಹಿಡಿದೆ. "ಇವನು ಓದಿದ್ದು ಸುಳ್ಳು. ಈತ ಬೌಲರ್ ಆಗುವುದಿಲ್ಲ ಎಂದು ನಾನು ಬರೆದಿದ್ದೆ. ಜಿಗಿತ ನಾನು ಕಲಿಸಿದ್ದಲ್ಲ. ಅದನ್ನು ಬಿಡಿಸಲು ನೋಡಿದವನು ನಾನು. ಆಗದೆ ತಂಡದಿಂದ ತೆಗೆದೆ" ಎಂದು ತಮಿಳಿನಲ್ಲೇ ಎಲ್ಲವನ್ನೂ ಹೇಳಿದೆ.

ಮೈಕು ಕೆಳಗಿಟ್ಟೆ. ಆಮೇಲೆ ಮೊದಲಿಗಿಂತ ಜೋರಾದ ಚಪ್ಪಾಳೆ. "ಎನ್ನ ಅಡಕ್ಕಂ, ಪಾರುಂಗ! ಎಂಥ ವಿನಯ!" ಎಂದು ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಹನ್ನೆರಡು ವರ್ಷ ಸುಳ್ಳು ಹೇಳಿ ಗುರುವಾಗಿದ್ದವನು ನಿಜ ಹೇಳಿ ಮಹಾಗುರುವಾದೆ. ಹೆಗಲಿಗೆ ಶಾಲು ಬಿತ್ತು.

ಊಟದ ಮೇಲೆ ರಂಗ ನನ್ನನ್ನೂ ಸರಸಳನ್ನೂ ತೋಟದೊಳಗೆ ಕರೆದುಕೊಂಡು ಹೋದ. ಕಾಲುವೆ ಇನ್ನೂ ಇತ್ತು. ಮೂರಡಿ ಅಗಲ, ಪಾದ ನೆನೆಯುವಷ್ಟು ನೀರು.

"ಯಾಕಪ್ಪ ಹಾಗೆ ಓದಿದೆ?" ಎಂದೆ.

"ನೀವ್ ಬರ್ದಿದ್ದು ನಂಗೆ ಆಗ್ಲೇ ತಿಳಿದಿತ್ತು ಅಣ್ಣಾ. ಮುಂದಿನ್ ವಾರ ಆಟಕ್ಕೆ ತಗೋಳ್ಲಿಲ್ವಲ್ಲ, ಅದ್ಕಿಂತ ಏನ್ ಓದ್ಬೇಕು?" ನಕ್ಕ. "ಆದ್ರೆ ಒಂದ್ ಮಾತು. ಕೊಯಮತ್ತೂರಾಗೆ ಎರಡ್ ಕ್ಲಬ್ಬವ್ರು ಆ ಹಾರು ನೋಡಿ 'ನಾಳೆಯಿಂದ ಬರ್ಬೇಡ' ಅಂದ್ಬುಟ್ರು. ನೀವು ಆಡಿಸ್ದಿದ್ರೂ 'ಬರೋ ವಾರ ಬಾ' ಅಂತಾನೇ ಅಂತಿದ್ರಿ. ಪ್ರತಿ ವಾರ. ಅದೊಂದ್ ಮಾತಿಗೇ ಬಸ್ ಹತ್ತಿ ಬರ್ತಿದ್ದೆ. ಯಾಕಣ್ಣಾ ಅಂಗಂತಿದ್ರಿ? ನನ್ ಮ್ಯಾಲೆ ಏನೋ ನಂಬ್ಕೆ ಇದ್ದಿರ್ಬೇಕು."

ಅವನ ಕಣ್ಣು ತುಂಬಿತ್ತು. ಸರಸಳದ್ದೂ. ನಾನು ಕಾಲುವೆ ನೋಡುತ್ತ ನಿಂತೆ. ಹೊರಡುವಾಗ ರಂಗ ನಮ್ಮ ಚೀಲದಲ್ಲಿ ಒಂದು ದೊಡ್ಡ ಚಿಪ್ಪು ಪೂವನ್ ಬಾಳೆಹಣ್ಣು ಇಟ್ಟ.

ಬಸ್ಸಿನಲ್ಲಿ ಸರಸ ಶಾಲನ್ನು ಮಡಚುತ್ತಾ, "ಅಷ್ಟು ವರ್ಷ ಬೈಕೊಂಡೂ ಒಳ್ಗೆ ನಂಬ್ಕೆ ಇತ್ತಾ ನಿಮ್ಗೆ? ನಂಗೇ ತಿಳೀಲಿಲ್ವಲ್ಲ" ಎಂದಳು. ಮದುವೆಯಾದ ಮೇಲೆ ಅವಳು ನನ್ನನ್ನು ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು.

ನಿಜ ಏನೆಂದರೆ, ಆಗ ರಂಗ ಪ್ರತಿ ಭಾನುವಾರ ತೋಟದಿಂದ ಇದೇ ಪೂವನ್ ಹಣ್ಣನ್ನು ತಂಡಕ್ಕೆಂದು ತರುತ್ತಿದ್ದ. ಕ್ಯಾಪ್ಟನ್ನಿಗೆ ಮೂರು, ಉಳಿದವರಿಗೆ ಒಂದೊಂದು. ಅವನು ಬರುವುದು ನಿಂತರೆ ಹಣ್ಣೂ ನಿಲ್ಲುತ್ತದಲ್ಲ! ಇದನ್ನೂ ಹೇಳಿ ಹಗುರಾಗಬೇಕೆಂದು ಅವಳ ಕಡೆ ತಿರುಗಿದೆ. ಆದರೆ ಒಂದೇ ದಿನ ಎರಡೆರಡು ನಿಜ ಹೇಳಿ ನನಗೆ ಅಭ್ಯಾಸವಿಲ್ಲ. ಮೇಲಾಗಿ, ಬಾಯಿ ಆಗಲೇ ತುಂಬಿತ್ತು.