ಅಂತರಪಟ ಬೀಳಿಸಲು ಹೋಗಿ

ನಿಪ್ಪಾಣಿಯಲ್ಲಿ ಮದುವೆ ವಿಡಿಯೋ ತೆಗೆಯುವವರು ಬಹಳ ಜನ ಇದ್ದಾರೆ. ಅವರೆಲ್ಲರಲ್ಲಿ ನಾನೇ ಉತ್ತಮ ಎಂದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಇನ್ನೂ ಬೆಂಬಲಿಗರು ಸಿಕ್ಕಿಲ್ಲ, ಅದು ಬೇರೆ ಮಾತು. ಅಲಖನೂರಿನ ನಮ್ಮ ಅಕ್ಕ ತನ್ನ ಮಗಳು ಅಶ್ವಿನಿಯ ಮದುವೆ ಗೊತ್ತಾದಾಗ, "ವಿಡಿಯೋಕ್ಕ ಹೊರಗಿನವರು ಯಾಕ? ಮಾಮಾ ಅದಾನಲ್ಲ" ಎಂದು ನನಗೇ ಕೆಲಸ ವಹಿಸಿದಳು.

ಮದುವೆ ರಾಯಬಾಗದ ಒಂದು ಮಂಗಲ ಕಾರ್ಯಾಲಯದಲ್ಲಿ. ಮುಹೂರ್ತಕ್ಕೆ ಮೊದಲು ನಾನು ಮೈಕು ಹಿಡಿದು, "ಅಕ್ಷತಾ ಬೀಳೂ ಹೊತ್ತಿಗೆ ಯಾರೂ ಫೋನ್ ಎತ್ತಬ್ಯಾಡ್ರಿ. ಫ್ರೇಮ್ ಕೆಡತೈತಿ. ವಿಡಿಯೋ ಪೂರ್ತಿ ನನ್ನ ಕಡೆ ಸಿಗತೈತಿ" ಎಂದು ಸಾರಿದೆ. ನಮ್ಮ ಕಡೆ ಮೈಕಿನಲ್ಲಿ ಹೇಳಿದ್ದನ್ನು ಯಾರೂ ಕೇಳುವುದಿಲ್ಲ. ಅವತ್ತು ಎಲ್ಲರೂ ಕೇಳಿದರು!

ಅಷ್ಟರಲ್ಲಿ ಭಟ್ಟರು, "ಹುಡುಗಿ ಸೋದರಮಾವ ಎಲ್ಲಿ ಅದಾರ? ಅಂತರಪಟ ಹಿಡ್ಯಾಕ ಬರ್ರಿ" ಎಂದು ಕರೆದರು. ವಧೂವರರ ನಡುವೆ ಅಡ್ಡ ಹಿಡಿಯುವ ಬಿಳಿ ಬಟ್ಟೆ ಅದು, ನಡುವೆ ಕುಂಕುಮದ ಸ್ವಸ್ತಿಕ. ಮಂಗಲಾಷ್ಟಕ ಮುಗಿದು ಅಕ್ಷತೆ ಬೀಳುವಾಗ ಅದು ಹೋಗಿ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕು. ನಾನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗುಂಡಿ ಒತ್ತಿ, ಬಟ್ಟೆಯ ಒಂದು ತುದಿ ಹಿಡಿದು ನಿಂತೆ. ಕಣ್ಣೆಲ್ಲ ಕ್ಯಾಮೆರಾದ ಕೆಂಪು ದೀಪದ ಮೇಲೆ. ಭಟ್ಟರು "ಶುಭಮಂಗಲ ಸಾವಧಾನ" ಎಂದು ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು. ಅದು ನನಗೆ ಹೇಳಿದ್ದು ಎಂದು ಆಗ ತಿಳಿಯಲಿಲ್ಲ.

ಮನೆಗೆ ಬಂದು ನೋಡಿದರೆ ಸರಿಯಾಗಿ ಮುಹೂರ್ತಕ್ಕೆ ಪರದೆಯ ತುಂಬ ತಲೆಗೆ ಸುತ್ತಿದ ಒಂದು ಗುಲಾಬಿ ಪಟಗಾ. ವರನ ತಂದೆ, ತೆಲಸಂಗದ ಬೀಗರು, ಅಕ್ಷತೆ ಹಾಕಲು ಕ್ಯಾಮೆರಾ ಮುಂದೆ ಬಂದು ನಿಂತಿದ್ದರು. ಪಟಗಾದ ಎಳೆ ಎಳೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅದು ಪಕ್ಕಕ್ಕೆ ಸರಿಯುವ ಹೊತ್ತಿಗೆ ಮಕ್ಕಳಿಬ್ಬರೂ ಹಾರ ಹಾಕಿಕೊಂಡು ನಿಂತಿದ್ದರು.

ಎರಡು ದಿನಕ್ಕೆ ಅಶ್ವಿನಿಯ ಫೋನು ಬಂತು. "ಮಾಮಾ, ಬಾಕಿ ವಿಡಿಯೋ ಸಾವಕಾಶ ಕೊಡ್ರಿ. ನನಗ ಒಂದ ನೋಡೂದೈತಿ. ಅಂತರಪಟ ತಗದಾಗ ಇವರ ಮುಖ ಹೆಂಗಿತ್ತು? ನಾ ನಾಚಿ ತಲಿ ಬಗ್ಗಿಸಿಬಿಟ್ಟಿದ್ನಿ."

"ಭಾಳ ಚಲೋ ಬಂದೈತವಾ. ಐತವಾರ ಊಟಕ್ಕ ಬರ್ತೀರಲ್ಲ, ಎಲ್ಲಾರೂ ಕೂಡಿ ನೋಡೂಣು" ಎಂದುಬಿಟ್ಟೆ.

ಆ ಹುಡುಗಿ ನನ್ನಿಂದ ಯಾವತ್ತೂ ಏನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ, ಅದೇ ನನ್ನ ಹತ್ತಿರ ಇರಲಿಲ್ಲ. ಹೆಂಡತಿ ಸುನಂದಾ, "ಸುಮ್ನ ಖರೇ ಹೇಳಿಬಿಡ್ರಿ" ಎಂದಳು.

"ಸಿನಿಮಾದಾಗ ಸಮುದ್ರಾನ ಕಂಪ್ಯೂಟರ್‌ನ್ಯಾಗ ಮಾಡ್ತಾರ. ಒಂದು ಬಟ್ಟಿ ಬೀಳ್ಸೂದು ಏನ್ ದೊಡ್ಡ ಮಾತು?"

ಹೀಗೆ ನನ್ನ ವಿದ್ಯಾಭ್ಯಾಸ ಆರಂಭವಾಯಿತು. ಇಂಟರ್ನೆಟ್ಟಿನಲ್ಲಿ ಒಬ್ಬ ಮಹಾಶಯ ಹಿಂದಿಯಲ್ಲಿ ಪಾಠ ಹೇಳುತ್ತಿದ್ದ. ಪ್ರತಿ ಪಾಠವೂ "ಬಹುತ್ ಆಸಾನ್ ಹೈ", ಬಹಳ ಸುಲಭ, ಎಂದೇ ಶುರು. ಕಂಪ್ಯೂಟರಿಗೆ ಬಟ್ಟೆ ಎಂದರೇನು ಗೊತ್ತಿಲ್ಲವಂತೆ. ಒಂದು ಹಾಳೆಯನ್ನು ಬಲೆಯ ಹಾಗೆ ಚೌಕ ಚೌಕ ಮಾಡಿ, ಇದರ ತೂಕ ಇಷ್ಟು, ಬಿಗಿ ಇಷ್ಟು ಎಂದು ಅಂಕಿ ಬರೆದು ಕಲಿಸಬೇಕು. ಮೇಲಿನ ಮೂಲೆಗಳಿಗೆ ಪಿನ್ನು ಹಾಕಬೇಕು. ಪಿನ್ನು ಬಿಚ್ಚಿದರೆ ಬಟ್ಟೆ ಬೀಳುತ್ತದೆ.

ಬಿಚ್ಚಿದೆ. ಬಿತ್ತು. ಬೀಳುತ್ತಲೇ ಹೋಯಿತು! ನೆಲವನ್ನು ದಾಟಿ ಪಾತಾಳಕ್ಕೆ ನಡೆಯಿತು. ಕೆಳಗೆ ನೆಲ ಇದೆ ಎಂದು ಬಟ್ಟೆಗೆ ಮೊದಲೇ ತಿಳಿಸಬೇಕಿತ್ತಂತೆ. ನಮ್ಮೂರಿನ ಯಾವ ಬಟ್ಟೆಗೂ ಇದುವರೆಗೆ ಯಾರೂ ಹಾಗೆ ತಿಳಿಸಿದ್ದನ್ನು ನಾನು ಕಂಡಿಲ್ಲ.

ನೆಲ ಹಾಕಿಕೊಟ್ಟೆ. ಈಗ ಚೌಕಗಳು ದೊಡ್ಡವಾಗಿ ಬಟ್ಟೆ ಮುರಿದು ಮುರಿದು ಬಿತ್ತು. ಚಹಾ ತಂದ ಸುನಂದಾ, "ಗಾಳಿಗಿ ಕೊಟ್ಟಿಗಿ ತಗಡಿನ ಪತ್ರಾ ಹಾರಿಧಂಗ ಆತಲ್ರಿ" ಎಂದಳು. ಚೌಕಗಳನ್ನು ಸಣ್ಣ ಮಾಡಿದೆ. ಲೆಕ್ಕ ಹೆಚ್ಚಾಗಿ ಕಂಪ್ಯೂಟರಿನ ಫ್ಯಾನು ಹೊಯ್ಕೊಳ್ಳತೊಡಗಿತು. ಪಕ್ಕದ ಮನೆಯ ಶಾಂತಕ್ಕ ಗೋಡೆಯ ಮೇಲಿಂದ ಇಣುಕಿ, "ಮನ್ಯಾಗ ಗಿರಣಿ ಹಾಕೀರೇನ್ರಿ?" ಎಂದು ಕೇಳಿದರು.

ಶಾಂತಕ್ಕನ ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ನಿಜವಾದ ಬಟ್ಟೆ ಗಾಳಿಗೆ ಹೇಗೆ ಮಡಿಕೆ ಬೀಳುತ್ತದೆ ಎಂದು ಅಭ್ಯಾಸ ಮಾಡಲು ನಾನು ಅವರ ಹಗ್ಗದ ಮೇಲಿನ ಸೀರೆಗಳನ್ನೇ ನೋಡುತ್ತ ನಿಲ್ಲುತ್ತಿದ್ದೆ. ಮರುದಿನ ಅವರು ಸುನಂದಾಳನ್ನು ಕರೆದು, "ನಿಮ್ಮ ಮನಿಯವರಿಗೆ ಆರಾಮ ಐತಿಲ್ಲ? ನನ್ನ ಸೀರಿ ತೂಕ ಎಷ್ಟು ಅಂತ ಕೇಳಾಕತ್ತಾರ" ಎಂದರು. ನನಗೆ ಹಿತ್ತಲಿಗೆ ಹೋಗುವುದೇ ಬಂದ್ ಆಯಿತು.

ಶನಿವಾರ ಪವಾಡ ನಡೆಯಿತು. ತಲೆ ಬಗ್ಗಿಸಿದ ಒಂದು ಹಳೆಯ ಫೋಟೋದಿಂದ ಅಶ್ವಿನಿಯನ್ನು ಹಿಂದೆ ನಿಲ್ಲಿಸಿದ್ದೆ. ವರ ಸಂದೀಪನ ಫೋಟೋಕ್ಕೆ ಕಂಪ್ಯೂಟರಿನಲ್ಲೇ ಒಂದು ಗೊಂಬೆಯ ಮೈ ಕಟ್ಟಿ ಮುಂದೆ ನಿಲ್ಲಿಸಿದ್ದೆ. ಅವರಿಬ್ಬರ ನಡುವೆ ಅಂತರಪಟ ಮೆತ್ತಗೆ, ಸುಂದರವಾಗಿ ಬಿತ್ತು. ನನಗೆ ಕಣ್ಣೀರೇ ಬಂತು. ದೋಷ ಒಂದೇ ಇತ್ತು. ಬೀಳುವಾಗ ಬಟ್ಟೆಯ ಅಂಚು ಸಂದೀಪನ ಹೊಟ್ಟೆಯೊಳಗೆ ಹೊಕ್ಕು ಹೊರಗೆ ಬರುತ್ತಿತ್ತು.

ಮೈಗೂ ಮೆತ್ತಗಿನ ಗುಣ ಕೊಡುವ ವಿದ್ಯೆ ಇದೆ. ಹೊಟ್ಟೆ ತುಸು ಒಳಗೆ ಹೋದರೆ ಬಟ್ಟೆ ನುಣ್ಣಗೆ ಜಾರೀತು ಎಂದುಕೊಂಡೆ. ಸಂದೀಪ ಹೈಸ್ಕೂಲಿನ ಪಿ.ಟಿ. ಮಾಸ್ತರ, ಮೈ ಕಲ್ಲಿನ ಹಾಗೆ. ಅಂಥವರಿಗೆ ಸ್ವಲ್ಪ ಮೆತ್ತಗಿನ ಗುಣ ಕೊಟ್ಟರೆ ತಪ್ಪಲ್ಲ. ಐತವಾರ ಬೆಳಿಗ್ಗೆ ಗಡಿಬಿಡಿಯಲ್ಲಿ ಅಂಕಿ ಬದಲಿಸಿ ಕಂಪ್ಯೂಟರಿಗೆ ಒಪ್ಪಿಸಿದೆ. ಅದು ಲೆಕ್ಕ ಮುಗಿಸುವುದಕ್ಕೂ ಬೀಗರು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಒಮ್ಮೆ ನೋಡಿಕೊಳ್ಳಲೂ ಆಗಲಿಲ್ಲ.

ಎಲ್ಲರೂ ಟಿ.ವಿ. ಮುಂದೆ ಕುಳಿತರು. ಅಶ್ವಿನಿ ಎಲ್ಲರಿಗಿಂತ ಮುಂದೆ. ಮಂಗಲಾಷ್ಟಕ ಮೊಳಗಿತು. "ಸಾವಧಾನ" ಎಂಬ ಮಾತಿಗೆ ಸರಿಯಾಗಿ ಪಿನ್ನು ಬಿಚ್ಚಿತು.

ಅಂತರಪಟಕ್ಕೆ ಒಂದು ಮಡಿಕೆಯೂ ಬೀಳಲಿಲ್ಲ. ನೆಲಕ್ಕೆ ಇಳಿದು ಬಾಗಿಲಿನ ಹಾಗೆ ಗಟ್ಟಿಯಾಗಿ ನಿಂತುಕೊಂಡಿತು. ಅಳಿಯಂದಿರು ಬಿದ್ದರು! ಮೊದಲು ಎದೆ ಹೊಟ್ಟೆಗೆ ಇಳಿಯಿತು. ಹೊಟ್ಟೆ ಮೊಣಕಾಲಿಗೆ ಇಳಿಯಿತು. ಕೊನೆಗೆ ಮೀಸೆ ಸಮೇತ ಮುಖ ನಗುನಗುತ್ತಲೇ ಕೆಳಗೆ ಬಂದು ನೆಲದ ತುಂಬ ಶ್ರೀಖಂಡದ ಹಾಗೆ ಹರಡಿಕೊಂಡಿತು. ಫೋಟೋದ ಅಶ್ವಿನಿ ಬಟ್ಟೆಯ ಮೇಲಿಂದ ತಲೆ ಬಗ್ಗಿಸಿ, ಏನು ಚೆಲ್ಲಿತು ಎಂದು ನೋಡುವವಳ ಹಾಗೆ ನಿಂತಿದ್ದಳು. ಬಟ್ಟೆಗೆ ಬರೆಯಬೇಕಾದ ಅಂಕಿಯನ್ನು ನಾನು ಅಳಿಯನಿಗೂ, ಅಳಿಯನ ಅಂಕಿಯನ್ನು ಬಟ್ಟೆಗೂ ಬರೆದಿದ್ದೆ.

"ನಮ್ಮ ಹುಡುಗಗ ಏನಾತ್ರಿ?" ಎಂದರು ಬೀಗರು. ಅಡುಗೆಮನೆಯಲ್ಲಿ ಅವತ್ತು ನಿಜವಾಗಿಯೂ ಶ್ರೀಖಂಡ ಇತ್ತು. ಸಂದೀಪನಿಗೆ ಅದನ್ನು ಹೇಗೆ ಬಡಿಸುವುದೆಂದು ನನಗೆ ಚಿಂತೆಯಾಯಿತು.

ನಾಚಿಕೆಯಿಂದ ಎಲ್ಲ ಒಪ್ಪಿಕೊಂಡೆ. ಗುಲಾಬಿ ಪಟಗಾದ ವಿಷಯವನ್ನೂ ಬೀಗರಿಗೆ ನೋವಾಗದಂತೆ ಹೇಳಿದೆ. ಅಶ್ವಿನಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾರ ಇವರ ಮುಖ ಎಲ್ಲೂ ಬಂದಿಲ್ಲೇನ್ರಿ ಮಾಮಾ?" ಎಂದಳು. ಇಲ್ಲವೆಂದು ನಾನು ತಲೆ ಅಲ್ಲಾಡಿಸಿದೆ.

ಬೀಗರು ಮಾತ್ರ ಇನ್ನೂ ಟಿ.ವಿ. ಕಡೆ ನೋಡುತ್ತಿದ್ದರು. "ಅದಿರ್ಲಿ ಬಿಡ್ರಿ. ಆದ್ರ ಅಂತರಪಟ ಯಾಕ ಬೀಳಬೇಕ್ರಿ? ಅದನ್ನ ಬಾಜೂಕ ಎಳೀತಾರಲ್ಲ. ಅವತ್ತು ಎಳದಾವ್ರು ನೀವ ಅಲ್ಲೇನ್ರಿ?"

ಹೌದು. ನಾನೇ ಎಳೆದಿದ್ದೆ. ಕೆಂಪು ದೀಪ ನೋಡುತ್ತ ಎಳೆದು, ಹೆಗಲ ಮೇಲೆ ಹಾಕಿಕೊಂಡು, ಅದೇ ಬಟ್ಟೆಯ ಸಮೇತ ಮನೆಗೆ ಬಂದಿದ್ದೆ. ಯಾರೂ ಬೀಳಿಸದ ಬಟ್ಟೆಗೆ ವಾರವಿಡೀ ಬೀಳುವುದನ್ನು ಕಲಿಸಿದ್ದೆ! ಸುನಂದಾ ಕಪಾಟು ತೆಗೆದು, ಮಡಚಿಟ್ಟಿದ್ದ ಅಂತರಪಟವನ್ನು ತಂದು ನನ್ನ ಕೈಯಲ್ಲಿಟ್ಟಳು.

"ಏಳ್ರಿ ಎಲ್ಲಾರೂ" ಎಂದಳು. ಸೋಫಾ ಹಿಂದೆ ಸರಿಯಿತು. ಸಂದೀಪ ಬೇಡ ಬೇಡ ಎನ್ನುತ್ತಲೇ ಅಂಗಿ ಸರಿಮಾಡಿಕೊಂಡು ನಿಂತ. ಬಟ್ಟೆಯ ಆ ತುದಿ ಬೀಗರು ಹಿಡಿದರು, ಈ ತುದಿ ನಾನು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ. ಈ ಸಲ ಎದುರಿಗೆ ಯಾವ ಪಟಗಾವೂ ಇರಲಿಲ್ಲ. ಸುನಂದಾ ಅಡುಗೆಮನೆಯಿಂದ ಒಂದು ಹಿಡಿ ಅಕ್ಕಿ ತಂದು "ಸಾವಧಾನ" ಎಂದಳು. ನಾನು ಎಳೆದೆ.

ಅಶ್ವಿನಿ ಈ ಸಲ ತಲೆ ಬಗ್ಗಿಸಲಿಲ್ಲ. ಸೀಟಿ ಊದಿ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸುವ ಆ ಮಾಸ್ತರ ಕಿವಿ ಕೆಂಪಗೆ ಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಅವಳನ್ನೇ ನೋಡುತ್ತ ನಿಂತಿದ್ದ.

"ಹಿಂಗ ಇತ್ತೇನ್ರಿ ಅವತ್ತು?" ಎಂದಳು.

"ಹಿಂಗ ಇತ್ತು" ಎಂದ ಸಂದೀಪ.

ನಾನು ವಿಡಿಯೋ ತೆಗೆದ ಇಷ್ಟು ಮದುವೆಗಳಲ್ಲಿ ಈ ಗಳಿಗೆಯನ್ನು ಬರಿಗಣ್ಣಿನಿಂದ ನೋಡಿದ್ದು ಇದೇ ಮೊದಲು. ಕೆಂಪು ದೀಪದ ಕಡೆ ಒಮ್ಮೆಯೂ ತಿರುಗಿರಲಿಲ್ಲ. ಈಗ ತಿರುಗಿದೆ.

ದೀಪ ಹತ್ತಿರಲಿಲ್ಲ. ಗುಂಡಿ ಒತ್ತುವುದನ್ನೇ ಮರೆತಿದ್ದೆ.

ಸುನಂದಾ ಕ್ಯಾಮೆರಾವನ್ನೂ ನನ್ನನ್ನೂ ಒಮ್ಮೆ ನೋಡಿ, ಶ್ರೀಖಂಡ ಬಡಿಸಲು ಒಳಗೆ ಹೊರಟಳು. "ಹೋಗ್ಲಿ ಬಿಡ್ರಿ" ಎಂದಳು. "ಕಂಪ್ಯೂಟರ್‌ನ್ಯಾಗ ಮಾಡಿ ಕೊಟ್ರಾತು."