ಕಡೇ ಎಲೆಯ ಅಜ್ಜ ಮತ್ತು ನನ್ನ ಹೊಟ್ಟೆಕಿಚ್ಚು

ಊರಿಗೆಲ್ಲ ಹೋಳಿಗೆ ಬೇಯಿಸಿ ತಾನು ಗಂಜಿ ಕುಡಿಯುವವನ ಪಾಡು ಏನೆಂದು ತಿಳಿಯಬೇಕಾದರೆ ನನ್ನನ್ನು ಕೇಳಬೇಕು. ಪುತ್ತೂರು, ಸುಳ್ಯ, ಕಡಬ ಕಡೆ ಮದುವೆ, ಉಪನಯನ, ಗೃಹಪ್ರವೇಶ ಎಂದರೆ ಅಡುಗೆಗೆ ನಾನೂ ನನ್ನ ತಂಡವೂ ಹೋಗುತ್ತೇವೆ. ಹೋದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ನಗುವುದು ಊರವರು, ಉರಿಯುವುದು ನನ್ನ ಹೊಟ್ಟೆ.

೧. ಒಂದು ಸೌಟು

ಅಂಗಾಲು ಉರಿ ಎಂದು ಪುತ್ತೂರಿನ ಡಾಕ್ಟರ ಹತ್ತಿರ ಹೋಗಿದ್ದೆ. ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಎಂದರು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು.

"ಸಿಹಿ ತುಂಬ ತಿನ್ನುದುಂಟಾ?" ಡಾಕ್ಟರು ಕೇಳಿದರು.

"ಇಲ್ಲವೇ ಇಲ್ಲ ಡಾಕ್ಟ್ರೆ. ರುಚಿ ನೋಡುದು ಮಾತ್ರ."

ನಾನು ಸುಳ್ಳು ಹೇಳಲಿಲ್ಲ. ದೇವರಿಗೆ ನೈವೇದ್ಯ ಆಗುವವರೆಗೆ ನಾವು ಅಡುಗೆಯವರು ನಾಲಿಗೆಗೆ ಏನನ್ನೂ ತಾಗಿಸುವ ಹಾಗಿಲ್ಲ. ಉಪ್ಪು, ಬೆಲ್ಲ ಎಲ್ಲ ಪರಿಮಳದಲ್ಲೇ ಅಂದಾಜು. ನೈವೇದ್ಯ ಆದ ಮೇಲೆ ಪಾಯಸ ಹೇಗಾಗಿದೆ ಎಂದು ನೋಡುವುದು ಅಡುಗೆಯವನ ಕರ್ತವ್ಯ.

"ರುಚಿ ನೋಡುದು ಅಂದ್ರೆ ಎಷ್ಟು?"

"ಒಂದು ಸೌಟು."

"ಅಷ್ಟು ತೊಂದರೆ ಇಲ್ಲ" ಎಂದು ಡಾಕ್ಟರು ಬರೆಯತೊಡಗಿದರು. ಹೆಂಡತಿ ಎರಡೂ ಕೈ ಅಗಲಿಸಿದಳು.

"ಡಾಕ್ಟ್ರೆ, ಇವರ ಸೌಟು ಮನೆಯ ಸೌಟಲ್ಲ. ನಮ್ಮ ಮಗಳಿಗೆ ಸಣ್ಣದಿರುವಾಗ ನಾನು ಅದರಲ್ಲಿ ಸ್ನಾನ ಮಾಡಿಸಿದ್ದುಂಟು."

೨. ಕಡೇ ಎಲೆ

ಅಂದಿನಿಂದ ನಾನು ಎಲ್ಲಿ ಅಡುಗೆಗೆ ಹೋದರೂ ಹೆಂಡತಿಯ ಫೋನ್ ಬರುತ್ತದೆ. "ಮಾತ್ರೆ ತಗೊಂಡ್ರಾ? ಹೋಳಿಗೆ ಮುಟ್ಟಿದ್ರಾ?" ಮೊದಲನೆಯ ಹೋಳಿಗೆ ಕಾವಲಿಯಿಂದ ಏಳುವ ಹೊತ್ತಿಗೇ ಸರಿಯಾಗಿ ಬರುತ್ತದೆ. ಮೂವತ್ತು ಮೈಲಿ ದೂರದಿಂದ ಪರಿಮಳ ಹೇಗೆ ಸಿಗುತ್ತದೋ ದೇವರೇ ಬಲ್ಲ. ಈಗೀಗ ಫೋನ್ ಬಡಿದುಕೊಂಡರೆ ನನ್ನ ತಂಡದವರೇ ಒಟ್ಟಾಗಿ ಕೂಗುತ್ತಾರೆ, "ಮುಟ್ಟಲಿಲ್ಲ ಅಕ್ಕಾ!"

ಹಾಗಿರುವಾಗ ರಾಮಕುಂಜದ ಒಂದು ಉಪನಯನದಲ್ಲಿ ಆ ಅಜ್ಜ ನನ್ನ ಕಣ್ಣಿಗೆ ಬಿದ್ದರು. ಕುಂಬ್ರದ ಕಡೆಯವರು. ನನ್ನ ಅಪ್ಪನ ವಯಸ್ಸು. ಮೂರು ತಾಲೂಕಿನ ಅರ್ಧ ಜನ ಅವರಿಗೆ ಸಂಬಂಧಿಕರು, ಹಾಗಾಗಿ ಎಲ್ಲ ಊಟಕ್ಕೂ ಹಾಜರು. ಕೂರುವುದು ಯಾವಾಗಲೂ ಪಂಕ್ತಿಯ ಕಡೇ ಎಲೆಗೆ. ಬಡಿಸುವವನು ಅಲ್ಲಿಗೆ ಮುಟ್ಟುವಾಗ ಅವನಿಗೆ ಪಾತ್ರೆ ಖಾಲಿ ಮಾಡುವ ಅವಸರ, ಇವರಿಗೆ ಬೇಡ ಎನ್ನುವ ಅಭ್ಯಾಸವಿಲ್ಲ. ಹೋಳಿಗೆಯ ಮೇಲೆ ಹೋಳಿಗೆ, ಅದರ ಮೇಲೆ ಬೆಲ್ಲ ಹಾಕಿದ ಕಾಯಿಹಾಲು. ಆಮೇಲೆ ಮಜ್ಜಿಗೆ, ಒಂದು ತೇಗು. ಚಪ್ಪರದ ಬದಿಯಲ್ಲಿ ಹೆಗಲ ಮೇಲಿನ ಬೈರಾಸು ಹಾಸಿ ಮಲಗಿದರೆ, ತಲೆಯ ಹತ್ತಿರ ಮೈಕು ಕಿರುಚುತ್ತಿದ್ದರೂ ಗೊರಕೆ.

ನನಗೋ ಊಟಕ್ಕೆ ಮೊದಲೊಂದು ಮಾತ್ರೆ, ಆದ ಮೇಲೊಂದು, ಗ್ಯಾಸಿಗೊಂದು. ನಾನು ಬೇಯಿಸಿದ ಹೋಳಿಗೆ ಅವರ ಬಾಯಲ್ಲಿ ಕರಗುವುದನ್ನು ನೋಡಿ ಹೊಟ್ಟೆ ಉರಿಯಿತು. ಆ ಉರಿಗೆ ಮಾತ್ರ ಡಾಕ್ಟರು ಏನೂ ಬರೆದುಕೊಟ್ಟಿರಲಿಲ್ಲ.

ತಡೆಯಲಾರದೆ ಕೇಳಿದೆ, "ಅಜ್ಜ, ನಿಮ್ಮ ಆರೋಗ್ಯದ ಗುಟ್ಟು ಎಂತ?"

"ಗುಟ್ಟೆಂತ ಮಾರಾಯ? ನೀನು ಮಾಡಿದ್ದು ನಾನು ತಿನ್ನುದು. ಯಾಕೆ, ನೀನು ಮಾಡಿದ್ದನ್ನು ತಿನ್ಲಿಕ್ಕೆ ನಿಂಗೇ ಧೈರ್ಯ ಇಲ್ವಾ?"

೩. ಸಿಹಿ ಇಲ್ಲದ ಪಂಕ್ತಿ

ಅಜ್ಜಾವರದ ಒಂದು ಮದುವೆಗೆ ನಾನೇ ಒಂದು ಉಪಾಯ ಹೇಳಿದೆ. ಸಕ್ಕರೆ ಕಾಯಿಲೆಯವರಿಗೆ ಬೇರೆಯೇ ಒಂದು ಪಂಕ್ತಿ ಹಾಕುವ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಹಾಗಲಕಾಯಿ ಪಲ್ಯ. ಮನೆಯವರು ಒಳ್ಳೆಯ ಯೋಚನೆ ಎಂದು ಹೊಗಳಿದರು. ನನಗಿದ್ದದ್ದು ಬೇರೆಯೇ ಆಸೆ. ಹೋಳಿಗೆ ತಿನ್ನಲಾಗದವರು ನನ್ನ ಹಾಗೆ ಎಷ್ಟೋ ಮಂದಿ ಇದ್ದಾರೆ, ಅವರನ್ನೆಲ್ಲ ಸಾಲಾಗಿ ಕೂರಿಸಿ ಕಣ್ತುಂಬ ನೋಡಬೇಕು.

ಮದುಮಗಳ ಮಾವ ಮೈಕಿನಲ್ಲಿ ಹೇಳಿದರು, "ಶುಗರ್ ಇದ್ದವರು ದಯವಿಟ್ಟು ಎಡಬದಿಯ ಪಂಕ್ತಿಗೆ ಬರಬೇಕು."

ಒಬ್ಬನೂ ಏಳಲಿಲ್ಲ. ನಾನು ಮಾತ್ರೆ ತರುವ ಅಂಗಡಿಯಲ್ಲೇ ಅದೇ ಮಾತ್ರೆ ತರುವವರು ಹತ್ತಾರು ಮಂದಿ ಅಲ್ಲಿದ್ದರು. ಎಲ್ಲರೂ ಫ್ಯಾನು ನೋಡುತ್ತಿದ್ದರು. ಪರಿಚಯದ ಒಬ್ಬರ ಹತ್ತಿರ ಹೋಗಿ ಮೆಲ್ಲ ಕರೆದೆ.

"ಸುಮ್ಮನಿರಿ ಭಟ್ರೆ" ಎಂದು ಪಿಸುಗುಟ್ಟಿದರು. "ಮಗಳಿಗೆ ಮಾತುಕತೆ ಆಗ್ತಾ ಉಂಟು. ಹುಡುಗನ ಅಪ್ಪ ಎದುರಿಗೇ ಇದ್ದಾರೆ. ನಮ್ಮ ಮನೆತನದಲ್ಲಿ ಶುಗರ್ ಉಂಟು ಅಂತ ನಾನೇ ಎಲೆ ಹಾಕಿ ತೋರಿಸ್ಲಿಕ್ಕಾ?" ಅಷ್ಟು ಹೇಳಿ, ಆರೋಗ್ಯಕ್ಕೆ ಸಾಕ್ಷಿಯಾಗಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಎದುರಿಗಿದ್ದ ಹುಡುಗನ ಅಪ್ಪನೂ ಬಿಡದೆ ಒಂದು ಹಾಕಿಸಿಕೊಂಡರು. ಊಟವಾದ ಮೇಲೆ ಕೈತೊಳೆಯುವಲ್ಲಿ ನೋಡಿದರೆ, ಬೀಗರಾಗಲಿರುವ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಮಾತ್ರೆ ನುಂಗುತ್ತಿದ್ದರು.

ಎಡಬದಿಯ ಪಂಕ್ತಿಗೆ ಕೂತದ್ದು ಒಂದೇ ಜನ. ಕಡೇ ಎಲೆಗೆ. ಅದೇ ಅಜ್ಜ.

"ಅಜ್ಜ, ನಿಮಗೂ ಶುಗರ್ ಉಂಟಾ?" ಎಂದೆ. ನನ್ನ ಸ್ವರದಲ್ಲಿ ಸಂತೋಷ ಇತ್ತು, ಯಾಕೆ ಸುಳ್ಳು ಹೇಳಲಿ?

"ನಂಗೆಂತ ಶುಗರ್? ಗಂಜಿ ಕಂಡೆ, ಕೂತೆ. ಹೋಳಿಗೆಗೆ ಎರಡನೇ ಪಂಕ್ತಿ ಉಂಟಲ್ಲ."

೪. ಸೌಖ್ಯವಾ?

ಹೋದ ವರ್ಷ ಆ ಅಜ್ಜನದೇ ಸಹಸ್ರ ಚಂದ್ರ ದರ್ಶನದ ಶಾಂತಿ ಕುಂಬ್ರದಲ್ಲಿ ನಡೆಯಿತು. ಅಡುಗೆ ನನ್ನದೇ. ಮನೆ ತುಂಬ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ನೆಂಟರ ಊಟವೆಲ್ಲ ಮುಗಿದು ಮನೆಯವರೂ ನಾವು ಅಡುಗೆಯವರೂ ಕೂತಾಗ ಅಜ್ಜ ಹಟ ಹಿಡಿದು ನಮ್ಮ ಪಂಕ್ತಿಯ ಕಡೇ ಎಲೆಗೆ ಬಂದರು. ಪಕ್ಕದಲ್ಲಿ ನಾನು. ನನ್ನ ಎಲೆಯಲ್ಲಿ ಅನ್ನ, ಸಾರು, ಪಲ್ಯ.

ಅಜ್ಜ ನನ್ನನ್ನೇ ನೋಡುತ್ತಿದ್ದರು. "ನಿನ್ನನ್ನು ಕಂಡ್ರೆ ನಂಗೆ ಹೊಟ್ಟೆಕಿಚ್ಚು ಮಾರಾಯ."

ನಾನು ಬಾಯಿ ಬಿಟ್ಟೆ. "ನನ್ನನ್ನಾ? ಸಕ್ಕರೆ, ಬಿ.ಪಿ., ಗ್ಯಾಸು ಬಿಟ್ರೆ ನನ್ನ ಹತ್ರ ಎಂತ ಉಂಟು ಅಜ್ಜ?"

"ಅದೇ ನೋಡು, ನಿಂಗೆ ಎಲ್ಲ ಉಂಟು. ಹಾಗಾಗಿ ಹೆಂಡತಿ ಫೋನ್ ಮಾಡ್ತಾಳೆ, ಡಾಕ್ಟ್ರು ಬೈತಾರೆ. ನನ್ನನ್ನು ಸೌಖ್ಯವಾ ಅಂತ ಕೇಳುವ ಒಂದು ಜನ ಇಲ್ಲ ಈ ಮನೆಯಲ್ಲಿ. ಅಜ್ಜನಿಗೆಂತ ಧಾಡಿ, ಕಲ್ಲುಗುಂಡು ಅಂತಾರೆ, ಹೋಗ್ತಾರೆ. ಕೇಳಿದ್ರಲ್ವಾ ಹೇಳುದು?"

ಇಷ್ಟು ದಿನದ ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ಆರಿತು. ಪಾಪ ಅನಿಸಿತು. ಅಷ್ಟರಲ್ಲಿ ಹೆಂಡತಿಯ ಎರಡನೇ ಫೋನ್ ಬಂತು. "ಅಜ್ಜನಿಗೆ ಕೊಡ್ತೇನೆ" ಎಂದೆ ಅವಳಿಗೆ. "ತಗೊಳ್ಳಿ ಅಜ್ಜ, ಇವತ್ತಿನದ್ದು ನಿಮಗೆ" ಎಂದು ಎಡಗೈಯಲ್ಲಿ ದಾಟಿಸಿದೆ.

ಆಚೆಯಿಂದ ಹೆಂಡತಿಯ ಸ್ವರ ನನಗೂ ಕೇಳುತ್ತಿತ್ತು. "ಅಜ್ಜನಾ? ನಮಸ್ಕಾರ. ಸೌಖ್ಯವಾ ಅಜ್ಜ?"

"ಸೌಖ್ಯ ಎಲ್ಲಿಂದ ಬಂತು ಮಗಾ!" ಎಂದು ಅಜ್ಜ ಶುರು ಮಾಡಿದರು. ಮೊಣಗಂಟು, ಸೊಂಟ, ಎಡಗಿವಿಯಲ್ಲಿ ಜೀರುಂಡೆ ಕೂಗಿದಂತಾಗುವುದು, ಸಂಜೆಯ ಕೆಮ್ಮು. ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದರು. ಸಾರಿನ ಪಾತ್ರೆ ಹಿಡಿದ ಸೊಸೆ ನಿಂತಲ್ಲೇ ಬಾಕಿ. ಅಜ್ಜನ ಮುಖದಲ್ಲಿ ಅಂಥ ಕಳೆಯನ್ನು ನಾನು ಹೋಳಿಗೆ ತಿನ್ನುವಾಗಲೂ ಕಂಡಿರಲಿಲ್ಲ.

ಆಗ ನನಗೆ ಹೊಳೆಯಿತು. ಹೆಂಡತಿ ಅಜ್ಜನ ಸೊಂಟದಲ್ಲಿ ಸಿಕ್ಕಿಬಿದ್ದಿದ್ದಾಳೆ. ನನ್ನನ್ನು ಕಾಯುವವರು ಯಾರೂ ಇಲ್ಲ. ಬಡಿಸುವವನಿಗೆ ಕಣ್ಸನ್ನೆ ಮಾಡಿದೆ. ಎಲೆಗೆ ಬಿಸಿ ಹೋಳಿಗೆ ಬಿತ್ತು, ಮೇಲೆ ಕಾಯಿಹಾಲು. ಒಂದು ತುಂಡು ಮುರಿದೆ, ಅದ್ದಿದೆ, ಬಾಯಿಯವರೆಗೆ ತಂದೆ.

"ಒಂದು ನಿಮಿಷ ಮಗಾ" ಎಂದು ಅಜ್ಜ ಕೆಮ್ಮನ್ನು ಅರ್ಧಕ್ಕೇ ನಿಲ್ಲಿಸಿ ಚಪ್ಪರ ಹಾರುವಂತೆ ಕೂಗಿದರು, "ನಿನ್ನ ಗಂಡ ಹೋಳಿಗೆ ಮುಟ್ಟಿದ!"

ಈಗ ಹೆಂಡತಿ ನನಗೆ ಫೋನ್ ಮಾಡುವುದಿಲ್ಲ. ಎಲ್ಲೇ ಊಟವಿರಲಿ, ನೇರ ಕಡೇ ಎಲೆಗೇ ಮಾಡುತ್ತಾಳೆ. ಮೊದಲು ಅಜ್ಜನ ಸೊಂಟ, ಆಮೇಲೆ ಅಜ್ಜನ ಕೆಮ್ಮು, ಕಡೆಗೆ ನನ್ನ ಮೇಲಿನ ಚಾಡಿ. ಅಜ್ಜ ಬಾಯಿ ತುಂಬ ನನ್ನದೇ ಹೋಳಿಗೆ ಇಟ್ಟುಕೊಂಡು ಉತ್ತರ ಕೊಡುತ್ತಾರೆ. ನನ್ನನ್ನು ಸೌಖ್ಯವಾ ಅಂತ ಕೇಳುವ ಒಂದು ಜನ ಇಲ್ಲ.