ಜಡ್ಜ್ ಸಾಹೇಬರ ಗೌನು

ಎಲ್ಲಕ್ಕೂ ಮೂಲ ಆ ಹಿತ್ತಾಳೆಯ ನಲ್ಲಿ. ಮುಖ ತೊಳೆಯೋಣವೆಂದು ಕಂಡಕ್ಟರ್ ಅದನ್ನು ಎಡಕ್ಕೆ ತಿರುಗಿಸಿದ, ನೀರು ಬರಲಿಲ್ಲ. ಬಲಕ್ಕೆ ತಿರುಗಿಸಿದ, ನಲ್ಲಿಯ ತಲೆಯೇ ಕೈಗೆ ಬಂತು. ಅದರ ಹಿಂದೆಯೇ ಹೊಳೆಗೆ ಹೊಳೆಯೇ ಮೈಮೇಲೆ ಬಂತು. ಅಂಗಿ, ಪ್ಯಾಂಟು ಎರಡೂ ತೊಪ್ಪೆ.

"ಮುತ್ತಾತನ ಕಾಲದ ನಲ್ಲಿ ರೀ ಅದು. ಬಸ್ಸಿನ ಬಾಗಿಲು ಎಳೆದ ಹಾಗೆ ಎಳೆದ್ರೆ ಇನ್ನೇನಾಗತ್ತೆ?" ಎಂದಳು ಹೆಂಡತಿ. "ಬ್ಯಾಗು ಕೆಳಗೇ ಉಳೀತು. ತರ್ತೀನಿ, ಇರಿ."

ಹೋದವಳು ನದಿ ಕಂಡಳು. ನದಿ ಕಂಡವಳು ಬ್ಯಾಗು ಮರೆತಳು. ಕಿಟಕಿಯಿಂದ ಬಗ್ಗಿ ನೋಡಿದರೆ ದೋಣಿಯವನ ಜೊತೆ ಚೌಕಾಸಿಗೆ ನಿಂತಿದ್ದಾಳೆ!

ನದಿ ದಂಡೆಯ ಈ ಹೋಟೆಲು ಹಿಂದೆ ಯಾರೋ ಜಡ್ಜ್ ಸಾಹೇಬರ ಬಂಗಲೆ. ಅವರ ಕುರ್ಚಿ, ಗೌನು, ಟೊಪ್ಪಿ, ಕನ್ನಡಕ ಎಲ್ಲವೂ ಈ ಕೋಣೆಯಲ್ಲೇ ಇದ್ದವು. ಇಲ್ಲಿ ಒಂದು ದಿನ ಇರಲೇಬೇಕೆಂದು ಹೆಂಡತಿಯ ಹಟ. ಅವಳ ತಮ್ಮ ಇಲ್ಲೇ ಕೆಲಸಕ್ಕಿದ್ದ. "ಭಾವ, ಇವತ್ತು ಕೋಣೆ ಖಾಲಿ, ನಿಮಗೆ ಬಿಟ್ಟಿ. ಆದ್ರೆ ಊಟದ ಮೇಲೆ ಜನ ನೋಡೋಕೆ ಬರ್ತಾರೆ, ಅಷ್ಟೊತ್ತು ಹೊರಗಿರಿ," ಎಂದಿದ್ದ.

ಕೋಣೆಯೇನೋ ಬಿಟ್ಟಿ, ರಜೆ? ಹೋದ ತಿಂಗಳು ಮನೆಗೆ ಹಾವು ಹೊಕ್ಕಿತೆಂದು, ಈ ತಿಂಗಳು ಅದರ ಮರಿಗಳು ಹೊರಬಂದವೆಂದು ರಜೆ ಹಾಕಿ ಸಿಕ್ಕಿಬಿದ್ದಿದ್ದ. "ಇನ್ನೊಂದು ಸುಳ್ಳು ಹೇಳಿ ನೋಡು, ಕಾಡಿನ ರೂಟಿಗೆ ಹಾಕ್ತೀನಿ. ನಿಜವಾದ ಹಾವುಗಳಿಗೇ ಟಿಕೆಟ್ ಕೊಡ್ತಿರು," ಎಂದಿದ್ದರು ಡಿಪೋ ಸಾಹೇಬರು. ಆದರೂ ಬೆಳಿಗ್ಗೆ ಫೋನಿನಲ್ಲಿ ನರಳಿ, ಕೆಮ್ಮಿ, ಜ್ವರ ಎಂದಿದ್ದ.

ನಲ್ಲಿಯ ತಲೆಯನ್ನು ಹೇಗೋ ಮತ್ತೆ ಒತ್ತಿ ಕೂರಿಸಿ, ಒದ್ದೆ ಬಟ್ಟೆ ಕಳಚಿ ಬಚ್ಚಲಲ್ಲಿ ಹರವಿ, ಗೂಟದಲ್ಲಿದ್ದ ಗೌನನ್ನೇ ಸುತ್ತಿಕೊಂಡು ಕುರ್ಚಿಯಲ್ಲಿ ಕೂತ. ಬಸ್ಸಿನಲ್ಲಿ ನಿಂತು ನಿಂತು ಸವೆದ ಬೆನ್ನು. ಮೆತ್ತೆ ಸಿಕ್ಕಿದ್ದೇ ತಡ, ನಿದ್ದೆ ಹತ್ತಿತು.

ಎಚ್ಚರವಾದದ್ದು ಬಾಗಿಲಾಚೆಯ ಒಂದು ಕೆಮ್ಮಿಗೆ. ಕೆಟ್ಟ ಸೈಲೆನ್ಸರಿನಂಥ ಆ ಕೆಮ್ಮು ಯಾರದೆಂದು ಇಡೀ ಡಿಪೋಗೆ ಗೊತ್ತು. ಸಾಹೇಬರು! ಕಿಟಕಿಯಿಂದ ಹಾರೋಣವೆಂದರೆ ಕೆಳಗೆ ನದಿ, ಈಜು ಬಾರದು. ಟೊಪ್ಪಿಯನ್ನು ಕಿವಿಯವರೆಗೆ ಎಳೆದುಕೊಂಡ, ಕನ್ನಡಕ ಸಿಕ್ಕಿಸಿಕೊಂಡ.

ಜನರ ದಂಡಿನೊಂದಿಗೆ ಬಾಗಿಲು ತೆರೆದ ಭಾಮೈದ ಸುಣ್ಣದಂತೆ ಬಿಳಿಚಿಕೊಂಡ. ಮರುಕ್ಷಣ ಬಾಯಿಗೆ ಬಂದದ್ದು ಹೇಳಿಯೇಬಿಟ್ಟ: "ಇವ್ರೇ ಜಡ್ಜ್ ಸಾಹೇಬರು. ಮೇಣದ ಪ್ರತಿಮೆ. ಯಾರೂ ಮುಟ್ಟಬೇಡಿ, ಕರಗತ್ತೆ!"

ಕಂಡಕ್ಟರ್ ಉಸಿರು ಬಿಗಿಹಿಡಿದ.

"ಹೊಟ್ಟೆಗೆ ಮೇಣ ಜಾಸ್ತಿ ಸುರಿದಿದಾರೆ," ಎಂದಳು ಒಬ್ಬ ಮುದುಕಿ. "ಮೀಸೆ ನೋಡು, ಪೊರಕೆಕಡ್ಡಿ ಅಂಟಿಸಿದ ಹಾಗಿದೆ."

ಡಿಪೋ ಸಾಹೇಬರು ಮೂಗಿಗೆ ಮೂಗು ತಾಗುವಷ್ಟು ಬಗ್ಗಿದರು. "ಅಲ್ಲ ಕಣೇ," ಎಂದರು ಪಕ್ಕದಲ್ಲಿದ್ದ ತಮ್ಮ ಹೆಂಡತಿಗೆ, "ನಮ್ಮ ಕಂಡಕ್ಟರ್ ಒಬ್ಬ ಥೇಟ್ ಹೀಗೇ ಇದಾನೆ. ಪಾಪ, ಈ ಸಲ ನಿಜವಾಗ್ಲೂ ಜ್ವರ ಅವನಿಗೆ."

ನೊಣವೊಂದು ಬಂದು ಮೂಗಿನ ಮೇಲೆ ಕೂತಿತು. ಅದನ್ನೂ ಸಹಿಸಿದ. ಸಹಿಸಲಾಗದ್ದು ಬೇರೆಯೇ ಇತ್ತು. ಒಳಗೆ ಜಾಗ ಬೇಕಾದಷ್ಟಿದ್ದರೂ ಜನವೆಲ್ಲ ಬಾಗಿಲಲ್ಲೇ ಜೋತುಬಿದ್ದು ನೂಕಾಡುತ್ತಿತ್ತು. ಎಷ್ಟು ವರ್ಷದ ಅಭ್ಯಾಸ! ಗಂಟಲು ಅವನ ಮಾತು ಕೇಳಲಿಲ್ಲ.

"ಒಳಗೆ ಹೋಗ್ರೀ! ಬಾಗಿಲಲ್ಲಿ ನಿಲ್ಬೇಡಿ! ಹಿಂದೆ ಅಷ್ಟು ಜಾಗ ಇದೆ!"

ಎಲ್ಲರೂ ಪ್ರತಿಮೆಯತ್ತ ತಿರುಗಿದರು. ಕಂಡಕ್ಟರನ ಕಣ್ಮುಂದೆ ಹಾವುಗಳು ಸಾಲಾಗಿ ಬಸ್ಸು ಹತ್ತಿದವು.

"ಮಾ... ಮಾತಾಡೋ ಪ್ರತಿಮೆ," ಎಂದ ಭಾಮೈದ. "ಒಳಗೆ ಮಿಷನ್ ಇದೆ."

ಚಪ್ಪಾಳೆಯೋ ಚಪ್ಪಾಳೆ. ಸಾಹೇಬರು ಕೈ ಕುಲುಕಲು ಬಂದರು. "ಕರಗತ್ತೆ ಸಾರ್!" ಎಂದು ಭಾಮೈದ ಅಡ್ಡ ನಿಂತ.

ಎಲ್ಲರೂ ಹೋದ ಮೇಲೆ ಕಂಡಕ್ಟರ್ ಮೊದಲು ನೊಣ ಹೊಡೆದ, ಆಮೇಲೆ ಉಸಿರು ಬಿಟ್ಟ. ಹೆಂಡತಿ ಬ್ಯಾಗಿನೊಂದಿಗೆ ಬಂದಳು. "ಗೌನು ಒಪ್ಪತ್ತೆ ರೀ ನಿಮಗೆ!" ಅವನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಡಿಪೋ ಸಾಹೇಬರು.

"ಜ್ವರ ಹೇಗಿದೆಯಪ್ಪಾ?"

"ಸುಡ್ತಾ ಇದೆ ಸಾರ್," ಎಂದು ನರಳಿದ.

"ರೆಸ್ಟ್ ತಗೋ. ಇಲ್ಲೊಂದು ಹೋಟೆಲಲ್ಲಿ ಪ್ರತಿಮೆ ನೋಡ್ದೆ ಕಣಯ್ಯಾ, ಮುಖ ನಿಂದೇ, ಗಂಟಲೂ ನಿಂದೇ! ಭಾನುವಾರ ಇಡೀ ಡಿಪೋನೇ ಕರ್ಕೊಂಡು ಬರ್ತೀನಿ ಅಂತ ಮಾಲೀಕರಿಗೆ ಹೇಳಿದೀನಿ. ಅಷ್ಟರಲ್ಲಿ ಹುಷಾರಾಗು. ನಿನ್ನನ್ನ ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೀಬೇಕು. ತಪ್ಪಿಸ್ಕೊಂಡ್ಯೋ, ಕಾಡಿನ ರೂಟು!"

ಕಂಡಕ್ಟರ್ ಫೋನು ಇಟ್ಟು, ಖಾಲಿ ಕುರ್ಚಿಯನ್ನೊಮ್ಮೆ, ಅದರ ಪಕ್ಕದ ಖಾಲಿ ಜಾಗವನ್ನೊಮ್ಮೆ ನೋಡಿದ.

"ಏನಂತೆ ರೀ?"

"ಬ್ಯಾಗಲ್ಲಿ ಸ್ವೆಟರ್ ಇದೆಯಾ ನೋಡು," ಎಂದ. "ಕಾಡಲ್ಲಿ ಚಳಿ ಜಾಸ್ತಿಯಂತೆ."